ಬಲ್ಮಠದ ಧಣಿಗೆ ಬಹ್ರೇನಿನಲ್ಲಿ ಲೈಸೆನ್ಸಿಲ್ಲ

ಬಜ್ಪೆ

ಬಹ್ರೇನಿಗೆ ಹೋಗಿ ಬಂದವನೆಂದು ತಿಳಿದ ಕೂಡಲೇ ಜನ ನನ್ನಲ್ಲಿ ಮುತ್ತಿನ ವಿಷಯ ಕೇಳುತ್ತಾರೆ. ಮುತ್ತು ನಾನು ನೋಡಿದ್ದು ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ, ಅಷ್ಟೇ. ಅಲ್ಲಿ ನಾನು ಗಂಟೆಗಟ್ಟಲೆ ನಿಂತು ನೋಡಿದ್ದು ಬೇರೆಯೇ. ಒಬ್ಬ ಕೆಲಸ ಮಾಡುತ್ತಾನೆ, ಇನ್ನೊಬ್ಬ ಕೈ ಹಿಂದೆ ಕಟ್ಟಿಕೊಂಡು ಅವನ ಕೈಯನ್ನೇ ನೋಡುತ್ತಾ ನಿಲ್ಲುತ್ತಾನೆ. ಇದನ್ನು ನೋಡಲು ಸಮುದ್ರ ದಾಟಬೇಕಿತ್ತೇ ಎಂದು ನಗಬೇಡಿ, ನಾನೂ ಮೊದಲು ನಕ್ಕವನೇ.

ಬಲ್ಮಠದ ಗುಡ್ಡೆಯ ಕೆಳಗೆ ನನ್ನದೊಂದು ಮೋಟಾರು ಗ್ಯಾರೇಜು ಇದೆ. ಒಂದೆರಡು ಬಸ್ಸುಗಳೂ ಓಡುತ್ತವೆ. ಇದೆಲ್ಲ ನನ್ನ ನಂತರ ಹಿರಿಯ ಅಳಿಯ ಸದಾಶಿವನಿಗೆ. ಅಳಿಯ ಎಂದರೆ ಮಗಳ ಗಂಡನಲ್ಲ, ಅಕ್ಕನ ಮಗ. ನಮ್ಮ ತುಳುನಾಡಿನ ಶೆಟ್ಟರಲ್ಲಿ ಸೋದರಮಾವನ ಜಾಗಕ್ಕೆ ಅಳಿಯನೇ ಬರುವುದು ಹಳೆಯ ಕ್ರಮ, ಕಾನೂನು ಏನೇ ಹೇಳಲಿ. ಸದಾಶಿವನಿಗೆ ಸ್ಪಾನರ್ ಹಿಡಿಯಲು ಕಲಿಸಿದವನು ನಾನು. ಆ ಹುಡುಗ ದೊಡ್ಡವನಾಗಿ, ನಮ್ಮ ಬಂದರಿನ ವ್ಯಾಪಾರಿ ಮೊಯ್ದಿನಬ್ಬರ ಜೊತೆ ಬಹ್ರೇನಿಗೆ ಹೋಗಿ, ಲಾರಿ ರಿಪೇರಿ ಬಿಟ್ಟು ವಿಮಾನದ ರಿಪೇರಿಗೆ ಸೇರಿಕೊಂಡಿದ್ದ. ಎರಡು ವರ್ಷವಾದರೂ ಅವನಿಗೆ ಇನ್ನೂ ಲೈಸೆನ್ಸು ಸಿಕ್ಕಿಲ್ಲ, ಒಂದು ನಟ್ಟು ಬಿಗಿಯಬೇಕಾದರೂ ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ದೊರೆ ನಿಂತಿರಬೇಕಂತೆ ಎಂದು ಮೊಯ್ದಿನಬ್ಬರು ರಜೆಗೆ ಬಂದಾಗ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಅಳಿಯನ ಕೈಗೆ ಕಾವಲೇ? ಹೋಗಿ ಅವನನ್ನು ಕರೆದುಕೊಂಡೇ ಬರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟು, ಮೊಯ್ದಿನಬ್ಬರು ಮರಳಿ ಹೋಗುವಾಗ ನಾನೂ ಹೊರಟೆ.

ಬಜ್ಪೆಯಿಂದ ಬೊಂಬಾಯಿಯವರೆಗೆ ವಿಮಾನ. ಅಕ್ಕ ಕೊಟ್ಟ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ. ವಿಮಾನ ಮೇಲೇರಿದ ಹಾಗೆ ಮುಚ್ಚಳದ ಸಂದಿಯಿಂದ ಎಣ್ಣೆ ತಾನಾಗಿಯೇ ಉಕ್ಕಿ ನನ್ನ ಬಿಳಿ ಪಂಚೆ ಕೆಂಪಾಯಿತು. ಪಕ್ಕದಲ್ಲಿದ್ದ ಗುಜರಾತಿ ಸೇಠ್ ರಕ್ತವೆಂದು ತಿಳಿದು ಕಿರುಚಿದ. ಗಗನಸಖಿ ಓಡಿ ಬಂದಳು. ನಾನು ಬೆರಳಲ್ಲಿ ಮುಟ್ಟಿ ನೆಕ್ಕಿ ತೋರಿಸಿದ ಮೇಲೆ ಅವಳು ಇನ್ನೂ ಹೆದರಿದಳು.

ಡೆಕ್ಕಿನ ಮೇಲೆ

ಬೊಂಬಾಯಿಯಿಂದ ಹಡಗು. ನಾವು ಡೆಕ್ಕಿನವರು. ಚಾಪೆ ಹಾಸಿದಷ್ಟು ಜಾಗ ನಮ್ಮ ಮನೆ, ಟ್ರಂಕು ಪೆಟ್ಟಿಗೆ ನಮ್ಮ ಗೋಡೆ. ಪಕ್ಕದ ಚಾಪೆಯ ಸಿಂಧಿ ಮುದುಕಿ ನಮ್ಮ ಕುಚ್ಚಲಕ್ಕಿ ಅನ್ನ ನೋಡಿ ಇದು ಯಾಕೆ ಇಷ್ಟು ದಪ್ಪ, ಕಾಯಿಲೆಯ ಅಕ್ಕಿಯೇ ಎಂದು ಕೇಳಿದಳು. ಒಂದು ತುತ್ತು ತಿಂದ ಮೇಲೆ ದಿನವೂ ಮಧ್ಯಾಹ್ನ ಬಟ್ಟಲು ಹಿಡಿದುಕೊಂಡು ಬರತೊಡಗಿದಳು.

ಮೊಯ್ದಿನಬ್ಬರು ನಿಧಾನದ ಮನುಷ್ಯ. ನಾನು ಹತ್ತು ಮಾತಾಡಿದರೆ ಅವರದು ಒಂದು.

"ಶೆಟ್ಟ್ರೇ, ನೀವು ಬಾ ಅಂದ್ರೆ ಅವ ಬರ್ತಾನೆ. ಅದ್ರಲ್ಲಿ ಎಂತ ಸಂಶಯ ಇಲ್ಲ," ಎಂದರು ಒಂದು ಸಂಜೆ. "ಆದ್ರೆ ಅವನ ಲೈಸೆನ್ಸಿನ ಪರೀಕ್ಷೆ ಹತ್ರ ಉಂಟು. ಅವನ ಕೆಲಸ ನೋಡುವ ಪಾರ್ಕರ್ ದೊರೆ ರುಜು ಹಾಕಿದ್ರೆ ಕೂತುಕೊಳ್ಬಹುದು. ಈಗ ಬಿಟ್ಟು ಬಂದ್ರೆ ಎರಡು ವರ್ಷ ನೀರಿಗೆ ಹಾಕಿದ ಹಾಗೆ."

"ನನ್ನ ಗ್ಯಾರೇಜಿಗೆ ಯಾವ ದೊರೆಯ ರುಜು ಬೇಕು ಮಾರಾಯ್ರೆ?"

ಮೊಯ್ದಿನಬ್ಬರು ಟೋಪಿ ಸರಿಮಾಡಿಕೊಂಡು ಸಮುದ್ರ ನೋಡಿದರು.

ಮನಾಮ

ಬಹ್ರೇನಿನ ದೊಡ್ಡ ಪೇಟೆಗೆ ಮನಾಮ ಎಂದು ಹೆಸರು. ಮೊಯ್ದಿನಬ್ಬರ ಅಂಗಡಿಯೂ ಮನೆಯೂ ಅಲ್ಲಿಯೇ. ಬಿಸಿಲು ನಮ್ಮ ಏಪ್ರಿಲ್ ಬಿಸಿಲೇ, ಆದರೆ ಬೆವರು ಅಲ್ಲಿ ಒರೆಸಿದಷ್ಟೂ ಬರುತ್ತದೆ. ಬಾಂಗ್ ಕೇಳಿದ ಕೂಡಲೇ ಅಂಗಡಿಯವರು ಬಾಗಿಲಿಗೆ ಒಂದು ಬಟ್ಟೆ ಇಳಿಬಿಟ್ಟು ನಮಾಜಿಗೆ ಹೋಗುತ್ತಾರೆ. ಒಳಗೆ ಚಿನ್ನ ಇದ್ದರೂ ಅಷ್ಟೇ. ನಮ್ಮ ಕೊಡಿಯಾಲ್‌ಬೈಲಿನಲ್ಲಿ ಬಾಗಿಲಿಗೆ ಬಟ್ಟೆ ಬಿಟ್ಟು ಹೋದರೆ ಬರುವಾಗ ಬಟ್ಟೆಯೂ ಇರುವುದಿಲ್ಲ ಎಂದೆ. ಮೊಯ್ದಿನಬ್ಬರು ಜೋರಾಗಿ ನಕ್ಕರು. ಇನ್ನೊಂದು ಸೋಜಿಗ, ಅಲ್ಲಿ ಸಮುದ್ರದ ತಳದಲ್ಲಿ ಸಿಹಿನೀರಿನ ಒರತೆಗಳಿವೆಯಂತೆ. ಹಿಂದೆ ಮುಳುಗುಗಾರರು ಚರ್ಮದ ಚೀಲ ಹಿಡಿದುಕೊಂಡು ಉಪ್ಪುನೀರಿನೊಳಗೆ ಮುಳುಗಿ ಕುಡಿಯುವ ನೀರು ತರುತ್ತಿದ್ದರಂತೆ. ನಾನು ನಂಬಲಿಲ್ಲ. ಒಬ್ಬ ಮುದುಕ ದೋಣಿಯವನು ಆಣೆ ಹಾಕಿದ ಮೇಲೆ ಅರ್ಧ ನಂಬಿದೆ.

ಪಕ್ಕದ ಅರಬಿ ವ್ಯಾಪಾರಿ ಕಾಫಿಗೆ ಕರೆದ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಷಾಯ. ಕುಡಿದು ಮುಗಿಸಿದರೆ ಮತ್ತೆ ಹೊಯ್ಯುತ್ತಾನೆ. ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆಂದು ಕುಡಿದೆ, ಮತ್ತೆ ಕುಡಿದೆ. ಹೊಟ್ಟೆ ಡೋಲಾಯಿತು. ಕಪ್ಪನ್ನು ಹಿಡಿದು ಎರಡು ಸಲ ಅಲ್ಲಾಡಿಸಿದರೆ ಸಾಕೆಂದು ಅರ್ಥ ಎಂಬುದನ್ನು ಮೊಯ್ದಿನಬ್ಬರು ದಾರಿಯಲ್ಲಿ ಹೇಳಿದರು. "ಮೊದಲೇ ಹೇಳ್ಲಿಕ್ಕೆ ನಿಮಗೆಂತ ಧಾಡಿ?" ಎಂದು ಬೈದೆ. "ನಿಮಗೆ ಇಷ್ಟ ಆಯ್ತೂಂತ ಗ್ರಹಿಸಿದೆ ಶೆಟ್ಟ್ರೇ," ಎಂದರು.

ಸಂಜೆ ಸದಾಶಿವ ಬಂದ. ತೆಳ್ಳಗಾಗಿದ್ದ, ಕಪ್ಪಾಗಿದ್ದ. ಕಾಲು ಮುಟ್ಟಿ ಗೋಡೆಯ ಪಕ್ಕ ನಿಂತ. ನಮ್ಮ ಮನೆಯಲ್ಲಿ ಅಳಿಯಂದಿರು ಮಾವನ ಮುಂದೆ ಕೂರುವ ಪದ್ಧತಿಯಿಲ್ಲ.

"ಹಡಗು ಬರುವ ವಾರ ಹೊರಡ್ತದೆ. ನಿನಗೂ ಸೇರಿಸಿ ಟಿಕೇಟು ಮಾಡ್ಲಿಕ್ಕೆ ಹೇಳಿದ್ದೇನೆ. ಊರಿಗೆ ಹೋಗುವ," ಎಂದೆ.

"ಆಯ್ತು ಮಾಮ," ಎಂದ.

ನೋಡಿದಿರಾ ಎಂಬಂತೆ ನಾನು ಮೊಯ್ದಿನಬ್ಬರ ಮುಖ ನೋಡಿದೆ. ಅವರು ನೋಡಲಿಲ್ಲ.

ಮುಹರ್ರಕ್

ವಿಮಾನ ಇಳಿಯುವುದು ಮುಹರ್ರಕ್ ಎಂಬ ಪಕ್ಕದ ದ್ವೀಪದಲ್ಲಿ. ನಡುವೆ ಸಮುದ್ರದ ಮೇಲೆ ಕಟ್ಟಿದ ರಸ್ತೆ. ಹೊರಡುವ ಮೊದಲು ಆ ಕಾವಲುಗಾರ ದೊರೆಯನ್ನೊಮ್ಮೆ ನೋಡಬೇಕೆಂದು ಅಳಿಯನ ಜೊತೆ ಹೋದೆ.

ಹ್ಯಾಂಗರ್ ಎಂದರೆ ನಮ್ಮ ಹಂಚಿನ ಕಾರ್ಖಾನೆಯಷ್ಟು ದೊಡ್ಡ ತಗಡಿನ ಮನೆ. ಒಳಗೆ ಎರಡು ಎಂಜಿನಿನ ವಿಮಾನವೊಂದು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ನೆಲದಲ್ಲಿ ಎಣ್ಣೆಯ ಹನಿಯಿಲ್ಲ. ನನ್ನ ಗ್ಯಾರೇಜಿನ ನೆಲದ ಎಣ್ಣೆ ಕೆರೆದರೆ ಒಂದು ಬಸ್ಸು ಉಪ್ಪಿನಂಗಡಿಗೆ ಹೋಗಿ ಬಂದೀತು. ಪಾರ್ಕರ್ ದೊರೆ ಕುಳ್ಳ ಮನುಷ್ಯ, ಕೆಂಪು ಕಿವಿ, ಮೊಣಕಾಲಿನವರೆಗೆ ಚಡ್ಡಿ. ನನ್ನ ಕೈ ಕುಲುಕಿ, ವಿಮಾನದಿಂದ ದೂರ ನಿಲ್ಲುವಂತೆ ಜಾಗ ತೋರಿಸಿದರು.

ಸದಾಶಿವ ಕೆಲಸ ಶುರು ಮಾಡಿದ. ದೊರೆ ಬಂದು ಅವನ ಭುಜದ ಪಕ್ಕ ನಿಂತರು. ಅವನು ಬಗ್ಗಿದರೆ ಅವರೂ ಬಗ್ಗಿದರು. ನೋಡನೋಡುತ್ತಾ ನನ್ನ ಸಿಟ್ಟು ಏರಿತು. ನಮ್ಮಲ್ಲಿ ಒಬ್ಬನ ಕೈಯನ್ನು ಹೀಗೆ ನೋಡುತ್ತಾ ನಿಂತರೆ ಅವನು ಸಾಮಾನು ಕದಿಯುತ್ತಾನೆ ಎಂದು ಹೇಳಿದ ಹಾಗೆ. ನಾನು ಕೆಲಸ ಒಪ್ಪಿಸಿ ಚಹಾ ಕುಡಿಯಲು ಹೋಗುವವನು. ಬಸ್ಸು ಹೊರಟಿತೋ, ಕೆಲಸ ಪಾಸು. ನಿಂತಿತೋ, ಪ್ಯಾಸೆಂಜರುಗಳು ಇಳಿದು ದೂಡುತ್ತಾರೆ.

ಮಧ್ಯಾಹ್ನದ ಬಿಡುವಿನಲ್ಲಿ ಅಳಿಯನನ್ನು ಕೇಳಿದೆ. "ಎಂತ ಮಾರಾಯ, ನಿನ್ನನ್ನು ಕಳ್ಳ ಅಂತ ತಿಳ್ಕೊಂಡಿದ್ದಾರಾ?"

"ಇಲ್ಲ ಮಾಮ. ರೂಲೇ ಹಾಗೆ. ಲೈಸೆನ್ಸ್ ಇಲ್ಲದವ ಕೆಲಸ ಮಾಡ್ಬಹುದು, ಆದ್ರೆ ಲೈಸೆನ್ಸ್ ಇದ್ದವ ಕಣ್ಣಾರೆ ನೋಡ್ಬೇಕು. ಅವರಿಗೆ ಯಾವ ಕೆಲಸಕ್ಕೆ ಲೈಸೆನ್ಸ್ ಉಂಟೋ ಅದೇ ಕೆಲಸ ನಾನು ಮಾಡ್ಬಹುದು, ಬೇರೆ ಇಲ್ಲ."

"ಎಲ್ಲದಕ್ಕೂ ಹೀಗೆ ಮೂಗಿನ ಹತ್ರವೇ ನಿಲ್ಬೇಕಾ?"

ಸದಾಶಿವನ ಮುಖ ಅರಳಿತು. ಬಂದ ಮೇಲೆ ಅವನು ಹಾಗೆ ಮಾತಾಡಿದ್ದು ಅದೇ ಮೊದಲು. "ಇಲ್ಲ. ಗ್ರೀಸ್ ಹಾಕ್ಲಿಕ್ಕೆ, ಚಕ್ರ ಬಿಚ್ಲಿಕ್ಕೆ ಎಲ್ಲ ಅವರು ಹ್ಯಾಂಗರಿನೊಳಗೆ ಎಲ್ಲಿಯಾದ್ರೂ ಇದ್ರೆ ಸಾಕು, ಕರೆದ್ರೆ ಬರ್ಬೇಕು. ಅದು ನಾನು ಸರಿ ಮಾಡುದನ್ನು ತುಂಬ ಸಲ ನೋಡಿದ್ದಾರೆ. ಹೊಸ ಕೆಲಸ ಆದ್ರೆ ಪಕ್ಕದಲ್ಲೇ ನಿಲ್ಬೇಕು. ಮಾಡಿದ್ದು ಸರಿ ಉಂಟಾ ಅಂತ ಕೊನೆಗೆ ತಪಾಸಣೆ ಮಾತ್ರ ನಾನು ಮಾಡ್ಲಿಕ್ಕೇ ಇಲ್ಲ, ಅವರು ನಿಂತಿದ್ರೂ."

"ಅವರು ಮನೆಯಲ್ಲಿದ್ದು ಟೆಲಿಫೋನಿನಲ್ಲಿ ಹೇಳಿದ್ರೆ?"

"ಆಗುದಿಲ್ಲ. ಮನುಷ್ಯ ಇಲ್ಲಿರ್ಬೇಕು. ರೆಕ್ಕೆ, ಬಾಲ ಅಲ್ಲಾಡಿಸುವ ಕೇಬಲಿನ ಕೆಲಸ ಆದ್ರೆ ಒಬ್ಬರು ನೋಡಿದ್ದೂ ಸಾಲುದಿಲ್ಲ, ಇನ್ನೊಬ್ಬ ಲೈಸೆನ್ಸಿನವರು ಬಂದು ಎರಡನೇ ಸಲ ನೋಡ್ಬೇಕು."

ನನಗೆ ಕುತೂಹಲ ಹತ್ತಿತು. ಸಿಟ್ಟು ಒಂದು ಕಡೆ, ಇದು ಒಂದು ಕಡೆ. ದೊರೆ ಎಷ್ಟು ದೂರ ನಿಂತಿದ್ದಾರೆ ಎಂದು ನೋಡಿದರೆ ಹುಡುಗ ಎಷ್ಟು ಕಲಿತಿದ್ದಾನೆ ಎಂದು ತಿಳಿಯುತ್ತದಲ್ಲ! ಮಧ್ಯಾಹ್ನದ ನಂತರ ನಾನು ಕೆಲಸ ನೋಡುವುದು ಬಿಟ್ಟು ಆ ದೂರವನ್ನೇ ನೋಡುತ್ತಾ ನಿಂತೆ. ಚಕ್ರದ ಕೆಲಸಕ್ಕೆ ದೊರೆ ಬಾಗಿಲಿನಲ್ಲಿ ಹೊತ್ತಿಸದ ಪೈಪನ್ನು ಕಚ್ಚಿಕೊಂಡು ನಿಂತಿದ್ದರು. ನನಗೇ ಹೆಮ್ಮೆಯಾಯಿತು.

ಬಾಲದ ಕೇಬಲು

ಮರುದಿನ ಶುಕ್ರವಾರ. ಮೊಯ್ದಿನಬ್ಬರ ಮನೆಯಲ್ಲಿ ನನಗಾಗಿ ಊಟ, ಊರಿನ ನಾಲ್ಕು ಜನರನ್ನು ಕರೆದಿದ್ದರು. ಸದಾಶಿವನ ಕೆಲಸ ಮುಗಿದ ಕೂಡಲೇ ಜೊತೆಯಲ್ಲಿ ಬರುವುದೆಂದು ನಾನು ಹ್ಯಾಂಗರಿಗೆ ಹೋದೆ. ಅವನು ವಿಮಾನದ ಬಾಲಕ್ಕೆ ಹೊಸ ಕೇಬಲು ಹಾಕುತ್ತಿದ್ದ. ಕೇಬಲನ್ನು ಎಳೆದು ಬಿಗಿಮಾಡುವ ತಿರುಪೊಂದು ಇರುತ್ತದೆ. ಅದು ಹಾರಾಟದ ಅದುರುವಿಕೆಗೆ ಸಡಿಲವಾಗದಂತೆ ಕೊನೆಗೆ ತೆಳ್ಳಗಿನ ತಂತಿ ಸುತ್ತಿ ಕಟ್ಟಬೇಕು. ಪಾರ್ಕರ್ ದೊರೆ ಅವನ ಕಿವಿಯ ಪಕ್ಕವೇ ಇದ್ದರು. ಅವನಿಗೆ ಇದು ಹೊಸ ಕೆಲಸ.

ತಂತಿ ಕಟ್ಟುವುದೊಂದೇ ಬಾಕಿ ಇದ್ದಾಗ ಹೊರಗೆ ಗಲಾಟೆ. ಈಗಷ್ಟೇ ಇಳಿದ ವಿಮಾನದ ಎಂಜಿನಿನಿಂದ ಎಣ್ಣೆ ಸುರಿಯುತ್ತಿದೆಯೆಂದು ಪೈಲಟು ಬೊಬ್ಬೆ ಹಾಕುತ್ತಿದ್ದ. ದೊರೆ ಸದಾಶಿವನಿಗೆ "ಸ್ಟಾಪ್" ಎಂದು ಹೇಳಿ ಹೊರಗೆ ಓಡಿದರು. ಸದಾಶಿವ ಇಕ್ಕಳ ಕೆಳಗಿಟ್ಟು ಕೈ ಒರೆಸಿಕೊಂಡ.

ಕಾದೆವು. ದೊರೆ ಬರಲಿಲ್ಲ. ಮೊಯ್ದಿನಬ್ಬರ ಮನೆಯಲ್ಲಿ ಕೋಳಿ ಸಾರು ಆರುತ್ತಿರಬಹುದು, ಕರೆದವರು ನಮ್ಮ ದಾರಿ ನೋಡುತ್ತಿರಬಹುದು ಎಂದು ನನಗೆ ಚಡಪಡಿಕೆ. ನಾನು ಅವನ ಪಕ್ಕಕ್ಕೇ ಹೋಗಿ ನಿಂತೆ.

"ಒಂದು ತಂತಿ ಅಲ್ವಾ? ಕಟ್ಟಿ ಮುಗಿಸು."

"ಅವರು ಇಲ್ಲ ಮಾಮ."

"ನಾನು ನಿಂತಿದ್ದೇನಲ್ಲ! ನಿನಗೆ ಕಲಿಸಿದ್ದು ಯಾರು, ಅವರಾ ನಾನಾ? ನಾನು ನೋಡ್ತೇನೆ, ನೀನು ಕಟ್ಟು."

ಅವನು ಬಾಗಿಲ ಕಡೆ ನೋಡಿದ, ನನ್ನನ್ನು ನೋಡಿದ. "ಆಯ್ತು ಮಾಮ," ಎಂದು ಇಕ್ಕಳ ಎತ್ತಿಕೊಂಡ.

ಎಂಥ ಕೆಲಸ! ಮಲ್ಲಿಗೆ ಕಟ್ಟುವ ಹೆಂಗಸರ ಕೈಯೂ ಅಷ್ಟು ಚಂದ ಓಡುವುದಿಲ್ಲ. ನಾನು ಶಾಭಾಸ್ ಎನ್ನುವುದಕ್ಕೂ ದೊರೆ ಬರುವುದಕ್ಕೂ ಸರಿಯಾಯಿತು. ಅವರು ತಂತಿಯನ್ನು ನೋಡಿದರು, ಮುಟ್ಟಲಿಲ್ಲ.

"ಯಾರು ನೋಡಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನನ್ನ ಮಾವ, ಸರ್," ಎಂದ ಸದಾಶಿವ. ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ.

"ನಿಮ್ಮ ಹತ್ತಿರ ಲೈಸೆನ್ಸ್ ಇದೆಯೇ?" ದೊರೆ ನನ್ನ ಕಡೆ ತಿರುಗಿದರು.

ಆ ಶಬ್ದ ನನಗೆ ಚೆನ್ನಾಗಿ ಗೊತ್ತು. ಎದೆಯುಬ್ಬಿಸಿ ಕಿಸೆಯಿಂದ ತೆಗೆದು ಕೊಟ್ಟೆ. ಅದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಸ್ಸು, ಲಾರಿ ಓಡಿಸಲು ಕೊಟ್ಟ ಲೈಸೆನ್ಸು. ಪಾರ್ಕರ್ ದೊರೆ ಅದನ್ನು ಬಿಡಿಸಿ, ನನ್ನ ಫೋಟೋ ನೋಡಿ, ಹಿಂದೆ ಮುಂದೆ ತಿರುಗಿಸಿ, ಮಡಚಿ ಮರ್ಯಾದೆಯಿಂದಲೇ ವಾಪಸು ಕೊಟ್ಟರು. ಆಮೇಲೆ ಕತ್ತರಿ ತೆಗೆದುಕೊಂಡು ತಂತಿಯನ್ನು ಕಟಕ್ಕೆಂದು ಕತ್ತರಿಸಿದರು. ತಿರುಪು ಬಿಚ್ಚಿಸಿದರು. ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಬಿಚ್ಚಿಹೋಯಿತು. ಇನ್ನೊಬ್ಬ ಲೈಸೆನ್ಸಿನವನನ್ನು ಕರೆದು ಮೊದಲಿನಿಂದ ಶುರು ಮಾಡಿಸಿದರು. ಸದಾಶಿವನಿಗೆ ಕೆಲಸದ ಬಟ್ಟೆ ಬಿಚ್ಚಿಟ್ಟು ಮನೆಗೆ ಹೋಗಲು ಹೇಳಿದರು.

ನನಗೆ ತಡೆಯಲಿಲ್ಲ. "ವೈರ್ ತಪ್ಪಾ ಸಾರ್? ನೋಡಿ ಹೇಳಿ, ತಪ್ಪಾ?" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

ಅವರು ನನಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. "ತಂತಿ ಸರಿಯಿರಬಹುದು. ತಿರುಪಿನೊಳಗೆ ಏನಾಗಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಆದರೆ ತಂತಿಯ ವಿಷಯ ಇರಲಿ. ನಾನು ನಿಲ್ಲಿಸು ಎಂದೆ, ನೀವು ಮಾಡು ಎಂದಿರಿ, ಅವನು ಮಾಡಿದ. ನಾಳೆ ಅವಸರದ ಪೈಲಟು ಹೇಳುತ್ತಾನೆ, ಮ್ಯಾನೇಜರು ಹೇಳುತ್ತಾನೆ, ಆಗಲೂ ಮಾಡುತ್ತಾನೆ. ದೊಡ್ಡವರಿಗೆ ಆಗುವುದಿಲ್ಲ ಎನ್ನಲು ಬಾರದವನಿಗೆ ನಾನು ಹೇಗೆ ರುಜು ಹಾಕಲಿ?"

ಸದಾಶಿವ ತಲೆ ತಗ್ಗಿಸಿ ನಿಂತಿದ್ದ. ಅವನ ಕಣ್ಣಿನಿಂದ ನೀರು ನೆಲಕ್ಕೆ ಬೀಳುತ್ತಿತ್ತು.

ಮೊಯ್ದಿನಬ್ಬರ ತಾರಸಿ

ಊಟ ಯಾರಿಗೂ ರುಚಿಸಲಿಲ್ಲ. ಸಂಜೆ ತಾರಸಿಯ ಮೇಲೆ ಚಾಪೆ ಹಾಕಿ ಕೂತೆವು. ಸದಾಶಿವ ಮೂಲೆಯಲ್ಲಿ ನಿಂತಿದ್ದ.

"ನಿಮ್ಮ ಕೆಲಸ ಆಯ್ತಲ್ಲ ಶೆಟ್ಟ್ರೇ," ಎಂದರು ಮೊಯ್ದಿನಬ್ಬರು. "ಇನ್ನು ಅವನಿಗೆ ಇಲ್ಲಿ ಎಂತ ಉಂಟು? ಕರ್ಕೊಂಡು ಹೋಗಿ."

ಹೌದು, ಬಂದ ಕೆಲಸ ಆಗಿತ್ತು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವನು ಊರಿಗೆ ಬರಲು "ಆಯ್ತು ಮಾಮ" ಎಂದದ್ದೂ ತಂತಿ ಕಟ್ಟಲು "ಆಯ್ತು ಮಾಮ" ಎಂದದ್ದೂ ಒಂದೇ ದನಿಯಲ್ಲಿ ಎಂಬುದು ನನಗೆ ಹೊಳೆದಿತ್ತು.

"ಸದಾ, ನಿನಗೆ ಊರಿಗೆ ಬರ್ಲಿಕ್ಕೆ ಮನಸ್ಸುಂಟಾ?" ಎಂದು ಕೇಳಿದೆ.

"ನೀವು ಹೇಳಿದ ಹಾಗೆ ಮಾಮ."

"ನಾನು ಹೇಳಿದ್ದಲ್ಲ ಮಾರಾಯ, ಕೇಳಿದ್ದು! ಬಾಯಿ ಬಿಟ್ಟು ಹೇಳು."

ಕೆಳಗೆ ಬೀದಿಯಲ್ಲಿ ನೀರಿನ ಗಾಡಿಯ ಕತ್ತೆ ಅರಚಿತು. ಮೊಯ್ದಿನಬ್ಬರು ಎದ್ದು ಕೆಳಗೆ ಹೋದರು, ಬೇಕೆಂದೇ ಇರಬೇಕು. ಅವರು ಮೆಟ್ಟಿಲು ಇಳಿದ ಮೇಲೆ ಸದಾಶಿವ ಹೇಳಿದ.

"ಬರುದಿಲ್ಲ ಮಾಮ."

"ಎಂತ ಹೇಳಿದಿ?" ಎಂದು ಗದರಿದೆ. ಅಭ್ಯಾಸಬಲ. ನಾನು ಗದರಿದರೆ ನಮ್ಮ ಮನೆಯಲ್ಲಿ ಆಡಿದ ಮಾತು ಒಳಗೆ ಹೋಗುತ್ತದೆ. ಅವನು ಈ ಸಲ ಮುಖ ಎತ್ತಿ ಹೇಳಿದ.

"ಬರುದಿಲ್ಲ. ಪರೀಕ್ಷೆ ಪಾಸಾಗದೆ ನಾನು ಊರಿಗೆ ಬರುದಿಲ್ಲ. ಪಾರ್ಕರ್ ದೊರೆ ಬೇಡ ಅಂದ್ರೆ ಇನ್ನೊಬ್ಬರ ಕೈಕೆಳಗೆ ಮೊದಲಿಂದ ಸುರು ಮಾಡ್ತೇನೆ. ನಿಮ್ಮ ಗ್ಯಾರೇಜು ನನ್ನ ತಮ್ಮನಿಗೆ ಕೊಡಿ. ನನಗೆ ಈ ಕೆಲಸ ಇಷ್ಟ ಮಾಮ. ಬೈಯುದಾದ್ರೆ ಬೈಯಿರಿ."

ನಾನು ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಅಕ್ಕನಿಗೆ ಏನು ಹೇಳಲಿ, ಬಲ್ಮಠದಲ್ಲಿ ಹೇಗೆ ತಲೆಯೆತ್ತಲಿ ಎಂದು ಕೂಗಾಡಿದೆ. ಅವನು ಮಾತು ಬದಲಿಸಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಕೊನೆಗೆ ದಣಿದು ಮಲಗಿದೆ. ನನಗೆ ಬಹಳ ನೋವಾಯಿತು. ಆದರೆ ಆ ನೋವಿನ ಒಳಗೇ ಇವನು ಗಂಡಸಾದನಲ್ಲ ಎಂಬ ಸಮಾಧಾನವೂ ಇತ್ತು. ಎರಡನ್ನೂ ಬೇರೆ ಮಾಡಲು ನನ್ನಿಂದ ಆಗಲಿಲ್ಲ.

ಪಾರ್ಕರ್ ದೊರೆಯ ಮೇಜು

ಬೆಳಿಗ್ಗೆ ಅವನನ್ನು ಕರೆದುಕೊಂಡು ಮತ್ತೆ ಮುಹರ್ರಕ್ಕಿಗೆ ಹೋದೆ. ಯಾಕೆಂದು ಅವನಿಗೆ ಹೇಳಲಿಲ್ಲ. ಕ್ಷಮೆ ಕೇಳಿಸಲೆಂದು ಅವನು ತಿಳಿದಿರಬೇಕು. ಪಾರ್ಕರ್ ದೊರೆ ಮೇಜಿನ ಮುಂದೆ ಕೂತಿದ್ದರು. ನನ್ನನ್ನು ನೋಡಿ ಮುಖ ಬಿಗಿಯಾಯಿತು. ದಾರಿಯುದ್ದಕ್ಕೂ ಜೋಡಿಸಿಕೊಂಡ ಇಂಗ್ಲಿಷನ್ನು ಒಂದೇ ಉಸಿರಿಗೆ ಬಿಟ್ಟೆ.

"ಸಾರ್, ನಾನು ದೂರು ಕೊಡ್ಲಿಕ್ಕೆ ಬಂದದ್ದು."

"ಯಾರ ಮೇಲೆ?"

"ಇವನ ಮೇಲೆ. ನಾನು ಇವನ ತಾಯಿಯ ತಮ್ಮ. ನಮ್ಮ ಊರಿನಲ್ಲಿ ನನ್ನ ಮಾತೇ ಇವನಿಗೆ ಕಾನೂನು. ನಿನ್ನೆ ಸಂಜೆ ನಾನು ಕೇಳಿದ್ದಕ್ಕೆ ಇವನು ಆಗುದಿಲ್ಲ ಅಂದ. ಗದರಿದೆ, ಆಗಲೂ ಆಗುದಿಲ್ಲ ಅಂದ. ಬೈದೆ, ಆಗಲೂ ಅದನ್ನೇ ಹೇಳಿದ. ನಮ್ಮ ಕುಟುಂಬದಲ್ಲಿ ಇಂದಿನವರೆಗೆ ಯಾರೂ ನನಗೆ ಹೀಗೆ ಮಾಡಿದ್ದಿಲ್ಲ."

ನಾಟಕ ಮಾಡಬೇಕೆಂದು ಹೋದವನಿಗೆ ನಿಜವಾದ ಅಳುವೇ ಬಂತು. ದೊರೆ ಪೈಪನ್ನು ಬಾಯಿಯಿಂದ ತೆಗೆದರು. ನನ್ನನ್ನು ನೋಡಿದರು, ಆಮೇಲೆ ಸದಾಶಿವನ ಕಡೆ ತಿರುಗಿದರು.

"ಇವರು ಹೇಳಿದ್ದು ಹೌದಾ?"

"ಹೌದು ಸರ್."

"ಹೆದರಿಕೆ ಆಗಲಿಲ್ಲವಾ?"

"ಆಯ್ತು ಸರ್. ಈಗಲೂ ಆಗ್ತಾ ಉಂಟು."

ದೊರೆ ಕುರ್ಚಿಯಿಂದ ಎದ್ದರು. "ಈ ಸಲದ ಪರೀಕ್ಷೆಗೆ ನಾನು ರುಜು ಹಾಕುವುದಿಲ್ಲ. ಮುಂದಿನ ಸಲ ನೋಡೋಣ. ಹೋಗಿ ಬಟ್ಟೆ ಬದಲಿಸು, ಬಲಗಡೆಯ ಎಂಜಿನ್ ಕಾಯ್ತಾ ಇದೆ," ಎಂದರು. ಹಾಗೆ ಹೇಳಿ ನನಗೆ ಕೈ ಕೊಟ್ಟರು. ಬಿಗಿಯಾಗಿ ಹಿಡಿದು, ಬೇಗ ಬಿಡಲಿಲ್ಲ.

ಸದಾಶಿವ ಅಲ್ಲಿಯೇ ನಿಂತಿದ್ದ. ನನ್ನ ಹಡಗು ಅವನಿಲ್ಲದೆ ಹೋಗುತ್ತದೆ ಎಂಬುದು ನಮ್ಮಿಬ್ಬರಿಗೂ ಆ ಕ್ಷಣದಲ್ಲಿ ನಿಜವಾಯಿತು. ಅವನು ನನ್ನ ಕಾಲಿಗೆ ಬಗ್ಗಲು ಬಂದ. ನಾನು ಅವನ ಎರಡೂ ಭುಜ ಹಿಡಿದು ತಡೆದೆ.

"ಹೋಗು ಮಾರಾಯ," ಎಂದೆ. "ದೊರೆ ಕಾಯ್ತಾರೆ, ಹೋಗು."

ಅವನು ಓಡಿದ. ನಾನು ಹೇಳಿದ ಮಾತನ್ನು ಅವನು ಅಷ್ಟು ಸಂತೋಷದಿಂದ ಕೇಳಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.